ಬೆಟ್ಟದ ರಸ್ತೆಯ ವರದಿ

ನಾಲ್ಕನೆಯ ಡಾಂಬರು ಬಿಲ್ಲೆಯೂ ಯಂತ್ರದ ಒತ್ತಡ ತಾಳಲಿಲ್ಲ, ಉದುರಿಹೋಯಿತು. ವಸುಧಾ ತಟ್ಟೆಗೆ ಬಿದ್ದ ಜಲ್ಲಿಯನ್ನು ಬೆರಳಿನಿಂದ ತಿರುವಿ ನೋಡಿದಳು. ಕಲ್ಲಿನ ಮೈಯಿಂದ ಡಾಂಬರು ಬಿಟ್ಟುಕೊಂಡಿತ್ತು.

ಸ್ಯಾನ್ ಮಟಿಯೋದ ಆ ಸಣ್ಣ ಪ್ರಯೋಗಾಲಯಕ್ಕೆ ಅವಳು ಸೇರಿ ಮೂರು ವರ್ಷವಾಗಿತ್ತು. ಹಳೆಯ ಟೈರುಗಳನ್ನು ಪುಡಿಮಾಡಿ ಡಾಂಬರಿಗೆ ಬೆರೆಸಿದರೆ ಹಿಮ ಬೀಳುವ ಕಡೆಯ ರಸ್ತೆಗಳು ಬಿರುಕು ಬಿಡುವುದಿಲ್ಲ ಎಂಬುದು ಪ್ರಯೋಗಾಲಯದ ಒಡೆಯ ಶೇಷಾದ್ರಿಯವರ ನಂಬಿಕೆ. ಒಂಬತ್ತು ವರ್ಷ ಅದರ ಹಿಂದೆಯೇ ಬಿದ್ದಿದ್ದರು. ಮೈಸೂರಿನವರು, ಅವಳನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಬಂದ ಹೊಸದರಲ್ಲಿ ಅವರ ಹೆಂಡತಿ ಜಲಜಾ ಎರಡು ತಿಂಗಳು ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದರು. ಈ ಬೇಸಿಗೆಯಲ್ಲಿ ಸಿಯೆರಾ ಬೆಟ್ಟದ ಮೇಲೆ ಅಂಥ ರಸ್ತೆ ಹನ್ನೆರಡು ಮೈಲಿ ಹಾಕುವುದೆಂದು ರಸ್ತೆ ಇಲಾಖೆಯೊಂದಿಗೆ ಮಾತಾಗಿತ್ತು. ಈ ಪರೀಕ್ಷೆಯ ವರದಿಯೊಂದು ಬಾಕಿ.

ಶೇಷಾದ್ರಿ ಬಾಗಿಲಲ್ಲಿ ನಿಂತು ಕೇಳಿದರು, "ಏನಾಯ್ತು?"

"ಆರರಲ್ಲಿ ನಾಲ್ಕು ಫೇಲು, ಸರ್. ಇಪ್ಪತ್ತು ಸಲ ಫ್ರೀಜ್ ಮಾಡಿ ಕರಗಿಸಿದ ಮೇಲೆ ಅರ್ಧ ಸ್ಟ್ರೆಂತೂ ಉಳಿದಿಲ್ಲ."

"ಮಿಕ್ಸಿಂಗು ಸರಿಯಾಗಿರಲ್ಲ. ಆ ನಾಲ್ಕು ಬಿಟ್ಬಿಡು, ಎರಡರದ್ದು ಬರಿ."

ವಸುಧಾ ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ಮಿಕ್ಸ್ ಮಾಡಿದ್ದು ನೀವೇ, ಸರ್."

ಅವರು ಹೊರಟುಹೋದರು. ಸಂಜೆ ಅವಳು ಆರೂ ಬಿಲ್ಲೆಗಳ ಅಂಕಿಗಳನ್ನು ಬರೆದು, ವರದಿಯನ್ನು ಅವರ ಮೇಜಿನ ಮೇಲಿಟ್ಟಳು.

ಮರುದಿನ ಶನಿವಾರ. ಬೆಳಿಗ್ಗೆಯೇ ಶೇಷಾದ್ರಿ ಅವಳ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದ್ದರು.

"ಹೋದ ಅಕ್ಟೋಬರಲ್ಲಿ ಬೆಟ್ಟದ ಮೇಲೆ ಟ್ರಯಲ್ಲಿಗೆ ನೂರಡಿ ರಸ್ತೆ ಹಾಕಿದ್ವಲ್ಲ, ನಡಿ, ನೋಡ್ಕೊಂಡು ಬರೋಣ."

ನಾಲ್ಕು ಗಂಟೆಯ ದಾರಿ. ಮೇಲೆ, ಏಪ್ರಿಲ್ ಬಂದರೂ ರಸ್ತೆಯಂಚಿನಲ್ಲಿ ಕೊಳಕು ಹಿಮ ರಾಶಿಬಿದ್ದಿತ್ತು. ಅವರು ಹಾಕಿಸಿದ ತುಂಡು ಇಳಿಜಾರಿನ ತಿರುವಿನಲ್ಲೇ ಇತ್ತು. ಅರವತ್ತನಾಲ್ಕರ ಶೇಷಾದ್ರಿ ಮಂಡಿಯೂರಿ ಕುಳಿತು, ಉಗುರಿನಿಂದ ಒಂದು ಕಲ್ಲನ್ನು ಮೀಟಿದರು. ಬಂತು. ಪಕ್ಕದ್ದನ್ನು ಮೀಟಿದರು, ಅದೂ ಬಂತು.

ಮೇಲಿನಿಂದ ಒಂದು ಕಾರು ಇಳಿದು ಬಂತು. ಇಬ್ಬರೂ ಬದಿಗೆ ಸರಿದರು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ನಿದ್ದೆಹೋಗಿದ್ದವು. ಚಕ್ರಕ್ಕೆ ಸಿಕ್ಕ ಜಲ್ಲಿ ಚಿಮ್ಮಿತು, ಕಾರು ತುಸು ಜಾರಿದಂತಾಗಿ, ಮತ್ತೆ ಹಿಡಿತಕ್ಕೆ ಬಂದು ತಿರುವಿನಾಚೆ ಮರೆಯಾಯಿತು.

ಶೇಷಾದ್ರಿ ಅವಳತ್ತ ತಿರುಗಿದರು.

"ಪೆನ್ನಿದೆಯೇನಮ್ಮ?"

ಕಾರಿನೊಳಗಿಂದ ವರದಿಯನ್ನು ತಂದು, ಬಾನೆಟ್ಟಿನ ಮೇಲಿಟ್ಟು, ಆರೂ ಅಂಕಿಗಳ ಕೆಳಗೆ 'ಈ ರಸ್ತೆಗೆ ತಕ್ಕುದಲ್ಲ' ಎಂದು ತಾವೇ ಬರೆದು ಸಹಿ ಹಾಕಿದರು.

"ರಸ್ತೆ ಹಾಕಲ್ಲ ಅಂತ ಜಲಜಂಗೆ ನಾನೇ ಹೇಳ್ತೀನಿ," ಎಂದರು. "ನೀನು ಹೋಗಿ ಕೂತ್ಕೋ, ಚಳಿ."

ವಸುಧಾ ಕಾರಿನಲ್ಲಿ ಕುಳಿತು ಕಾದಳು. ಅವರು ಬರಲಿಲ್ಲ. ಗಾಜು ಒರೆಸಿ ನೋಡಿದಳು. ಶೇಷಾದ್ರಿ ಮತ್ತೆ ಮಂಡಿಯೂರಿದ್ದರು. ಕಿತ್ತ ಕಲ್ಲುಗಳನ್ನು ಒಂದೊಂದಾಗಿ ಅವುಗಳ ಗುಳಿಯಲ್ಲೇ ಇಟ್ಟು ಹೆಬ್ಬೆರಳಿನಿಂದ ಅದುಮುತ್ತಿದ್ದರು.