ಹೋಗಿ ಬರುವ ಬಸ್ಸು

ಬಣ್ಣದ ಡಬ್ಬಿಯ ಮೇಲೆ ಕೆನೆ ಕಟ್ಟಿದೆ, ಹಾಲಿಗೆ ಕಟ್ಟಿದ ಹಾಗೆ, ಕಡ್ಡಿಯಿಂದ ಎತ್ತಿ ಒಗೆಯಬೇಕು, ಆಮೇಲೆ ಬ್ರಶ್ಶು ಅದ್ದಬೇಕು, ಆಮೇಲೆ ಸಾವಕ್ಕನನ್ನು ಅಳಿಸಬೇಕು — ಅಷ್ಟೇ ಕೆಲಸ, ಅಷ್ಟಕ್ಕೇ ಪೂನಮಳ ರಟ್ಟೆ ಈಗಲೇ ಸೋತಿದೆ, ಕಬ್ಬೂರಿನ ಹಳೆಯ ಬಸ್ ನಿಲ್ದಾಣದ ಗೋಡೆ ಇನ್ನೂ ತಣ್ಣಗಿದೆ, ಭಾನುವಾರ, ಶಾಲೆಯಿಲ್ಲ, ಮಲಗಬಹುದಿತ್ತು, ಚಿತ್ರ ಕಲಿಸುವ ಟೀಚರಿಗೆ ಊರ ಗೋಡೆಗಳೆಲ್ಲ ತನ್ನವೇ ಅನ್ನುವ ಹುಚ್ಚಿತ್ತಲ್ಲ ಒಂದು ಕಾಲಕ್ಕೆ, ಅನುಭವಿಸಲಿ ಈಗ. ಗೋಡೆಯ ಮೇಲೆ ಸಾವಕ್ಕ ಮೊಸರಿನ ಗಡಿಗೆ ಹೊತ್ತಿದ್ದಾಳೆ, ಒಂದು ಕೈ ಗಡಿಗೆಗೆ, ಇನ್ನೊಂದು ಕೈ ಮೇಲಕ್ಕೆ, ಹಸಿರು ಬಳೆಯ ಕೈ, ಬಸ್ಸಿಗೆ ಕೈ ಮಾಡುತ್ತಿದ್ದಾಳೆ — ಅವಳು ತೀರಿಕೊಂಡು ವರ್ಷವಾಯಿತು, ಗೋಡೆಯ ಮೇಲಿನವಳಿಗೆ ಅದು ಗೊತ್ತಿಲ್ಲ.

ಆಗ ಎಷ್ಟು ಹುರುಪಿತ್ತು, ಯಾವುದೋ ಸಂಸ್ಥೆಯವರು ಬಂದು ಬರೀ ಊರ ಹೆಸರು ಬರೆದರೆ ಓದು ಬಾರದವರು ಏನು ಮಾಡಬೇಕು, ಯಾವ ಬಸ್ಸಿಗೆ ಯಾರ ಕಥೆಯಿದೆಯೋ ಕೇಳಿ ಅದನ್ನೇ ಬೋರ್ಡು ಮಾಡಿ ಅಂದಿದ್ದರು, ಪೂನಮ ಮನೆಮನೆ ತಿರುಗಿದ್ದಳು, ನಿಮ್ಮ ಬಸ್ಸಿನ ಕಥೆ ಹೇಳ್ರಿ, ಕುರಿಯವರ ಓಣಿಯಲ್ಲಿ ಸಾವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು, ಬಸ್ಸಿಂದ ಏನ್ ಕಥಿ ಇರತೈತ್ರಿ ಬಾಯಾರ, ಅದು ಬರತೈತಿ, ನಾ ಕೈ ಮಾಡತೇನಿ, ಅದು ನಿಂದರತೈತಿ, ಮುಗೀತು ಕಥಿ. ಅದನ್ನೇ ಬರೆದಳು ಪೂನಮ, ಚಿಕ್ಕೋಡಿ ಮೇಲೆ ನಿಪ್ಪಾಣಿಗೆ ಹೋಗುವ ಬಸ್ಸಿಗೆ ಸಾವಕ್ಕನೇ ಗುರುತು, ಅಂದಿನಿಂದ ಅಕ್ಷರ ಬಾರದವರೂ, ಕೊಗನೊಳ್ಳಿಯಿಂದ ಮಗಳ ಮನೆಗೆ ಬಂದ ಮರಾಠಿ ಮುದುಕಿಯೂ, ಹೀಚ್ ನಾ ನಿಪಾಣೀಚೀ ಗಾಡಿ, ಇದೇ ತಾನೆ ನಿಪ್ಪಾಣಿಯ ಗಾಡಿ, ಎಂದು ಗಡಿಗೆಯ ಕೆಳಗೆ ಬಂದು ನಿಲ್ಲುವರು, ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹಲ್ಲುಗಿಂಜಬೇಕಿಲ್ಲ. ಚಿತ್ರದ ಕೆಳಗೆ ಮೊದಲು ಬರೆದದ್ದು ನಿಪ್ಪಾಣಿಗೆ ಹೋಗುವ ಬಸ್ಸು ಅಂತಲೇ, ಏನ ಬರದೀರಿ ಓದ್ರಿ ಅಂದಳು ಸಾವಕ್ಕ, ಓದಿದ್ದೇ ತಡ ಮುಖ ಕಿವುಚಿದಳು, ಹೋಗೂದು ಅಂತ ಬರೀತಾರೇನ್ರಿ, ಅಳಸ್ರಿ ಮೊದಲ, ಮನೀ ಬಿಟ್ಟು ಹೊಂಟವರು ಹೋಗತೇನಿ ಅಂತಾರೇನು, ಬರತೇನಿ ಅಂತಾರ, ನಾ ದಿನಾ ಹತ್ತೂ ಬಸ್ಸದು. ಪೂನಮಳ ಅತ್ತೆಯೂ ಹೊರಡುವಾಗ ಮರಾಠಿಯಲ್ಲಿ ಯೇತೇ, ಬರುತ್ತೇನೆ, ಅನ್ನುವವಳೇ, ಈ ಗಡಿಯ ಎರಡೂ ಕಡೆ ಯಾರೂ ಹೋಗುವುದಿಲ್ಲ, ಎಲ್ಲರೂ ಬರುವವರೇ — ಮಾಹಿತಿ ಚುಟುಕಾಗಿರಬೇಕು ಮೇಡಂ ಅಂದರು ಸಂಸ್ಥೆಯವರು, ಇರಲಿ ಬಿಡ್ರಿ ಅಂದು ಪೂನಮ ಹೋಗಿ ಬರುವ ಬಸ್ಸು ಎಂದೇ ಬರೆದಳು.

ಬಸ್ಸು ಈಗ ಇತ್ತ ಬರುವುದಿಲ್ಲ, ಮಳೆಗಾಲ ಕಳೆದ ಮೇಲೆ ಊರಾಚೆಯ ಹೊಸ ರಸ್ತೆ ಹಿಡಿದಿದೆ, ಅಲ್ಲಿ ನಿಲ್ಲುವುದಕ್ಕೆ ಗೋಡೆಯೂ ಇಲ್ಲ, ಒಂದು ಕಬ್ಬಿಣದ ಕಂಬ, ಕಂಬದ ಮೇಲೆ ಯಾರನ್ನು ಬರೆಯುವುದು. ಬಸ್ಸು ಇಲ್ಲಿ ನಿಲ್ಲುವುದಿಲ್ಲ ಅಂತ ಇಲ್ಲಿ ಅಂಟಿಸಿದ ಕಾಗದವನ್ನು ಯಾರದೋ ಆಡು ತಿಂದಿತು, ಇದ್ದಿದ್ದರೂ ಯಾರು ಓದುತ್ತಿದ್ದರು, ಜನ ಸಾವಕ್ಕನನ್ನು ನೋಡುತ್ತಾರೆ, ನಿಲ್ಲುತ್ತಾರೆ. ಮೊನ್ನೆ ಕೋಮಲ ನಿಂತಳು, ರಾಯಬಾಗದಿಂದ ಅತ್ತೆಯ ಮನೆಗೆ ಬಂದ ಹುಡುಗಿ, ನಿಪ್ಪಾಣಿಯಲ್ಲಿ ಪರೀಕ್ಷೆ, ಬಸ್ಸು ಆಚೆ ರಸ್ತೆಯಲ್ಲಿ ಹಾರ್ನು ಹೊಡೆದು ಹೋಗೇಬಿಟ್ಟಿತು, ಶಾಲೆಯ ಬಾಗಿಲಿಗೆ ಬಂದು ನಿಂತ ಹುಡುಗಿಯ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಗ್ವಾಡಿ ಮ್ಯಾಲಿನ ಅಮ್ಮ ಕೈ ಮಾಡಾಕತ್ತಿದ್ದಳಲ್ರಿ, ಬರತೈತಿ ಅಂತ ನಿಂತೆ — ಬೈದಿದ್ದರೆ ಒಳ್ಳೆಯದಿತ್ತು, ಬೈಗುಳವಾದರೆ ಊಟ ಮಾಡಿ ಮಲಗಿದರೆ ಇಳಿಯುತ್ತದೆ. ಅಳಿಸಲೇಬೇಕು, ಆದರೆ ಮಾಳೇಶ, ಸಾವಕ್ಕನ ಗಂಡ, ದಿನಾ ಕುರಿ ಹೊಡೆದುಕೊಂಡು ಈ ದಾರಿಯಲ್ಲೇ ಬಂದು ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುವವನು, ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ, ಆಧಾರ ಕಾರ್ಡಿನಲ್ಲಿರುವುದು ಅವಳೇ ಎಂದು ಅವನು ಇವತ್ತಿಗೂ ಒಪ್ಪಿಲ್ಲ, ಮೊಬೈಲಿನಲ್ಲಿ ಗೋಡೆಯ ಚಿತ್ರ ಹಿಡಿದು ತೋರಿಸಿದರೆ ಇದರಾಗ ಭಾಳ ಸಣ್ಣಾಕಿ ಆಗ್ಯಾಳ್ರಿ ಅಂದ.

ಕುರಿಗಳ ವಾಸನೆ ಮೊದಲು ಬಂತು, ಆಮೇಲೆ ಕುರಿ, ಆಮೇಲೆ ಹೆಗಲ ಮೇಲೆ ಕಂಬಳಿಯ ಮಾಳೇಶ, ಡಬ್ಬಿ ನೋಡಿದ, ಬ್ರಶ್ಶು ನೋಡಿದ, ಪೂನಮ ತಲೆ ತಗ್ಗಿಸಿದಳು, ಹೇಳಬೇಕಾದ ಮಾತನ್ನೆಲ್ಲ ರಾತ್ರಿಯಿಡೀ ಹೊಂದಿಸಿದ್ದಳು, ಅಷ್ಟರಲ್ಲಿ ಅವನೇ ಅಂದ, ಅಳಸ್ರಿ ಬಾಯಾರ, ಆ ಹುಡುಗೀದು ಪರೀಕ್ಷಾ ತಪ್ಪಿತಂತಲ್ಲ, ನಮ್ಮಾಕಿ ಸುಳ್ಳ ಕೈ ಮಾಡೂ ಹೆಂಗಸ ಅಲ್ಲ. ಗೋಡೆಯನ್ನು ನೋಡುತ್ತಲೇ ನಿಂತ, ಕುರಿಗಳು ಮುಂದೆ ಹೋದವು, ಬರತೇನಿ, ಅಂದ, ಪೂನಮಳಿಗೆ ಅಂದನೋ ಗೋಡೆಯ ಮೇಲಿನವಳಿಗೋ, ಹೊರಟ. ಈಗ ಡಬ್ಬಿಯ ಬಿಳಿ ಬಣ್ಣ ಪಾದದ ಮೇಲೆ, ಸೀರೆಯ ಅಂಚಿನ ಮೇಲೆ, ಹೋಗಿ ಬರುವ ಬಸ್ಸು ಅನ್ನುವ ಅಕ್ಷರಗಳ ಮೇಲೆ, ರಟ್ಟೆ ನೋಯುತ್ತಿದೆ, ಗಡಿಗೆ ಹೋಯಿತು, ಮುಖ ಹೋಗುವಾಗ ಅಳು ಬಂತು, ಅತ್ತಳು, ಒರೆಸಿಕೊಂಡಳು, ಕೆನ್ನೆಗೆಲ್ಲ ಬಿಳಿ ಮೆತ್ತಿತು, ಇನ್ನೆಷ್ಟು, ಇಷ್ಟೇ, ಖಾಲಿ ಗೋಡೆಯಲ್ಲಿ ಎತ್ತಿದ ಕೈಯೊಂದು ಉಳಿದಿದೆ, ಹಸಿರು ಬಳೆ, ಅಗಲಿಸಿದ ಬೆರಳು, ಬ್ರಶ್ಶು ಎತ್ತಿದಳು — ಆಚೆ ರಸ್ತೆಯಲ್ಲಿ ಹಾರ್ನು — ಅದು ಬರತೈತಿ, ನಾ ಕೈ ಮಾಡತೇನಿ — ಎತ್ತಿದ ಕೈಯ ಮುಂದೆ ಬ್ರಶ್ಶು ನಿಂತಿದೆ.