ಹನ್ನೊಂದು ಗಂಟೆ ನಲವತ್ತೆರಡು ನಿಮಿಷ

ಎಂಟು ಸಾವಿರದ ಒಂಬೈನೂರ ಅರವತ್ತು ಕಿಲೋಮೀಟರ್, ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಈ ಹಸಿ ಸುಳ್ಳನ್ನು ಬರೆದವಳು ನಾನೇ.

ನನ್ನ ಕೆಲಸವೇ ಅದು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಪ್ರಯಾಣದ ಸಮಯ ತೋರಿಸುವ ವೆಬ್‌ಸೈಟಿಗೆ ದಿನಕ್ಕೆ ನಲವತ್ತು ಪುಟ ಮಾಡಿಕೊಡುತ್ತೇನೆ. ನಕ್ಷೆಯ ಮೇಲೆ ನೇರ ಗೆರೆ ಎಳೆ, ಗಂಟೆಗೆ ಎಂಟುನೂರು ಕಿಲೋಮೀಟರಿನಂತೆ ಭಾಗಿಸು, ಏರಲು ಇಳಿಯಲು ಅರ್ಧ ಗಂಟೆ ಸೇರಿಸು. ಆ ದಾರಿಯಲ್ಲಿ ಒಂದಾದರೂ ವಿಮಾನ ಹಾರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ‘ನೇರ ವಿಮಾನವಿಲ್ಲ’ ಎಂದು ಒಂದು ಸಾಲು ಹಾಕೋಣವೆಂದರೆ ಮಾಲೀಕ ಮೂಗು ಮುರಿದ.

“ಅದನ್ನೆಲ್ಲ ಹಾಕಿದ್ರೆ ಯಾರಮ್ಮ ಓದ್ತಾರೆ? ಜನ ಏನು ದಡ್ಡರಾ? ಅವರೇ ನೋಡ್ಕೋತಾರೆ ಬಿಡು.”

ನಾನೂ ಬಿಟ್ಟೆ. ಬಿಟ್ಟದ್ದಲ್ಲದೆ, ನಾನಿರುವ ಊರಿಗೂ ಮಗಳಿರುವ ಊರಿಗೂ ಒಂದು ಪುಟ ಮಾಡಿ, ಫೋನಿನಲ್ಲಿ ಅವಳಿಗೆ ತೋರಿಸಿ ಜಂಬ ಕೊಚ್ಚಿಕೊಂಡೆ. ಒಂಬತ್ತು ವರ್ಷದವಳು. ವಿಚ್ಛೇದನದ ಮೊಕದ್ದಮೆ ಮುಗಿಯುವವರೆಗೆ ಅವಳಪ್ಪನ ಮನೆಯಲ್ಲಿದ್ದಳು.

ಮಂಗಳವಾರ ಸಂಜೆ ನನ್ನ ವಕೀಲರ ಫೋನ್ ಬಂತು. ಮಗಳು ಯಾರ ಬಳಿ ಇರಬೇಕೆಂಬ ವಿಚಾರಣೆ ಮುಂದಿನ ತಿಂಗಳಿದ್ದದ್ದು ಈ ಗುರುವಾರ ಬೆಳಿಗ್ಗೆ ಹತ್ತಕ್ಕೇ ಬಂದುಬಿಟ್ಟಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮೂರು ವಿಮಾನ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿತು. ಹದಿಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವಳಪ್ಪನಿಗೆ ಫೋನ್ ಮಾಡುತ್ತಲೇ ಇದ್ದೆ; ಅವನು ಎತ್ತಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಗುರುವಾರ ಮಧ್ಯಾಹ್ನ ಮೂರೂವರೆ.

ಮೊಗಸಾಲೆಯಲ್ಲಿ ಅವಳಪ್ಪ ನಿಂತಿದ್ದ. ಕೈಯಲ್ಲಿ ನನ್ನ ಪುಟದ ಪ್ರಿಂಟು.

“ಹನ್ನೆರಡು ಗಂಟೇನೂ ಇಲ್ಲ ದಾರಿ. ಮನಸ್ಸಿದ್ರೆ ನಿನ್ನೇನೇ ಬರಬಹುದಿತ್ತು. ಜಡ್ಜ್‌ಗೂ ಇದನ್ನೇ ತೋರಿಸಿದ್ವಿ.”

ಮೈಯೆಲ್ಲ ಉರಿದುಹೋಯಿತು. “ನೇರ ವಿಮಾನ ಇಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು! ಗೊತ್ತಿದ್ದೂ ಇದನ್ನ ತೋರಿಸಿದ್ಯಲ್ಲ, ನಾಚಿಕೆ ಆಗಲ್ವಾ?”

“ನಿನಗೂ ಗೊತ್ತಿತ್ತಲ್ಲ,” ಎಂದ ಬೆಣ್ಣೆಯಂಥ ದನಿಯಲ್ಲಿ. “ಗೊತ್ತಿದ್ದೂ ಬರೆದ್ಯಲ್ಲ.”

ಕೆನ್ನೆಗೆ ಬಾರಿಸಬೇಕೆನಿಸಿತು. ಯಾರ ಕೆನ್ನೆಗೆ ಎಂದು ತಿಳಿಯದೆ ಹಲ್ಲು ಕಚ್ಚಿ ನಿಂತೆ. ಅವನಿಗೆ, ಮಾಲೀಕನಿಗೆ, ಎಲ್ಲರಿಗಿಂತ ಮೊದಲು ನನಗೆ.

ಮಗಳು ಬೆಂಚಿನ ತುದಿಯಲ್ಲಿ ಕೂತಿದ್ದಳು. ಓಡಿಹೋಗಿ ಮಂಡಿಯೂರಿದೆ. ಅವಳು ಮುಖ ಎತ್ತಲಿಲ್ಲ.

“ಲೆಕ್ಕ ಹಾಕಿದ್ದೆ ಅಮ್ಮ. ನಿನ್ನೆ ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿದ್ದೆ. ತಡ ಆಗಬಹುದು ಅಂತ ಅಜ್ಜಿ ಅಂದ್ರು. ನಾನು ಅವರ ಜೊತೆ ಜಗಳ ಆಡ್ದೆ, ಅಮ್ಮ ಬರೆದಿದ್ದು ತಪ್ಪಾಗಲ್ಲ ಅಂತ.”

“ಅದು ಸುಳ್ಳು ಪುಟ್ಟಿ. ನಾನು ಬರೆದಿದ್ದೇ ಸುಳ್ಳು. ದಾರಿ ಅಷ್ಟು ಚಿಕ್ಕದಲ್ಲ.”

ಈಗ ತಲೆ ಎತ್ತಿದಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದವು.

“ಜಡ್ಜ್ ನನ್ನೇ ಕೇಳಿದ್ರು, ಯಾರ ಹತ್ರ ಇರ್ತೀಯ ಅಂತ,” ಎಂದಳು. “ನಿನಗೆ ನಾನು ಬೇಡ ಅಂದ್ಕೊಂಡು ಅಪ್ಪ ಅಂದ್ಬಿಟ್ಟೆ.”