ಮೂಲೆಯ ಕಂಪ್ಯೂಟರಿನ ತಂತಿ

"ಹುಡುಗಿ ಎಂತದೋ ಒತ್ತಿದ್ದಾಳೆ. ಅಷ್ಟೇ ವಿಷಯ," ಎಂದು ಪ್ರಾಂಶುಪಾಲ ಶಾಂತಾರಾಮ ಹೆಗಡೆಯವರು ಕನ್ನಡಕ ತೆಗೆದಿಟ್ಟರು.

ರಂಜಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಹೊನ್ನಾವರದ ಈ ಕಾಲೇಜಿನ ಕಂಪ್ಯೂಟರ್ ಲ್ಯಾಬು ಅವಳ ಜವಾಬ್ದಾರಿ. ನಿನ್ನೆ ಆನ್‌ಲೈನ್ ಪರೀಕ್ಷೆಯ ನಡುವೆ ಮೂಲೆಯ ಕಂಪ್ಯೂಟರು ಧನ್ಯಾಳನ್ನು ಹೊರದಬ್ಬಿ, ಅವಳು ಬರೆದದ್ದೆಲ್ಲ ಹಾಳಾಗಿತ್ತು. ತಪ್ಪು ಕಾಲೇಜಿನದೆಂದು ಪ್ರಾಂಶುಪಾಲರು ಒಪ್ಪಿದರೆ ಮಾತ್ರ ಮರುಪರೀಕ್ಷೆ. ಇಲ್ಲದಿದ್ದರೆ ಹುಡುಗಿ ಫೇಲು. ಮಾವಳ್ಳಿಯಿಂದ ದಿನಾ ಬಸ್ಸಿನಲ್ಲಿ ನಿಂತೇ ಬರುವ ಧನ್ಯಾ, "ನಾ ಎಂತದೂ ಒತ್ತಲಿಲ್ಲ" ಎಂದು ಅತ್ತು ಹೇಳಿದ್ದನ್ನು ಕೇಳುವ ಪುರುಸೊತ್ತು ಯಾರಿಗಿತ್ತು?

ಲ್ಯಾಬಿಗೆ ಕೇಬಲ್ ಎಳೆದ ಗುತ್ತಿಗೆದಾರ ರಾಜೇಶನೂ ಅಲ್ಲೇ ಆರಾಮಾಗಿ ಕೂತಿದ್ದ. ಮೂಲೆಯ ಕೇಬಲ್ಲಿನ ತುದಿಗೆ ಅವನು ಕೂಡಿಸಿದ ಜಾಕನ್ನು ರಂಜಿತಾ ಬೆಳಿಗ್ಗೆಯೇ ನೋಡಿದ್ದಳು. ಈಥರ್ನೆಟ್ ಕೇಬಲ್ಲಿನೊಳಗೆ ಹೆಣೆದ ಎಳೆಗಳ ನಾಲ್ಕು ಜೋಡಿ. ಹಸಿರು ಜೋಡಿಯನ್ನು ಬಿಡಿಸಿ ನೀಲಿ ಜೋಡಿಯ ಆಚೆ ಒಂದು, ಈಚೆ ಒಂದು ಎಳೆ ಕೂರಿಸಬೇಕೆಂಬುದು ನಿಯಮ. ರಾಜೇಶ ಎಲ್ಲ ಜೋಡಿಗಳನ್ನೂ ಬಿಡಿಸದೆ ಸಾಲಾಗಿ ಕೂರಿಸಿದ್ದ.

"ಹೆಣೆದ ಜೋಡಿ ಒಡೆಯೂದು ಎಂತಕ್ಕೆ? ಎರಡೂ ತುದಿ ಒಂದೇ ಥರ ಇದ್ರೆ ಆತು. ಟೆಸ್ಟರಲ್ಲಿ ಎಲ್ಲಾ ದೀಪ ಹತ್ತಿದ್ವಲ್ಲ," ಎಂದ ರಾಜೇಶ.

ದೀಪ ಹತ್ತಿದರೆ ಮುಗಿಯಿತಂತೆ. ಹಾಗೆ ಸಾಲಾಗಿ ಕೂರಿಸಿದರೆ ಒಂದೇ ಸಂಕೇತದ ಎರಡು ಎಳೆಗಳು ಬೇರೆ ಬೇರೆ ಜೋಡಿಗೆ ಬೀಳುತ್ತವೆ. ಗಿಡ್ಡ ತಂತಿಗೆ ಅದು ನಡೆದೀತು. ಮೂಲೆಯವರೆಗೆ ಹೋಗುವ ಉದ್ದ ತಂತಿಯಲ್ಲಿ ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಬೆರೆತು, ಫ್ರೇಮುಗಳೆಂಬ ಮಾಹಿತಿಯ ಕಟ್ಟುಗಳು ಕೆಡುತ್ತವೆ. ಪ್ರತಿ ಫ್ರೇಮಿನ ಕೊನೆಯಲ್ಲಿ ತಾಳೆ ನೋಡುವುದಕ್ಕೊಂದು ಅಂಕಿ ಇರುತ್ತದೆ. ತಾಳೆಯಾಗದ ಫ್ರೇಮನ್ನು, ಲ್ಯಾಬಿನ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚೆಂಬ ಪೆಟ್ಟಿಗೆ ಬಿಸಾಡಿಬಿಡುತ್ತದೆ, ಕಳಿಸಿದವರಿಗೆ ಒಂದು ಮಾತೂ ಹೇಳುವುದಿಲ್ಲ. ಕಟ್ಟುಗಳು ಹೆಚ್ಚಿದಷ್ಟೂ ಕಳೆಯುವುದೂ ಹೆಚ್ಚು, ಕೊನೆಗೆ ಸಂಪರ್ಕವೇ ಕಡಿದುಹೋಗುತ್ತದೆ. ರಂಜಿತಾ ಇದನ್ನೆಲ್ಲ ಬಿಡಿಸಿ ಹೇಳಿದಳು. ಹೆಗಡೆಯವರು ಆಕಳಿಸಿದರು.

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

"ಆತು ಸರ್. ಆ ಮೂಲೆ ಕಂಪ್ಯೂಟರಿನ ಕುರ್ಚಿಲಿ ನೀವೇ ಬಂದು ಕೂತ್ಕಳಿ."

ಅವರು ರಾಜೇಶನನ್ನೂ ಕರೆದುಕೊಂಡು ನಗುತ್ತಲೇ ಲ್ಯಾಬಿಗೆ ಬಂದು ಕೂತರು. ಮಾದರಿ ಪ್ರಶ್ನೆಪತ್ರಿಕೆ ತೆರೆದು, ಹಳೆಯ ಮೇಷ್ಟರ ಹುರುಪಿನಲ್ಲಿ ಒಂದೊಂದಾಗಿ ಉತ್ತರ ಬರೆಯತೊಡಗಿದರು. ದೊಡ್ಡ ಚಿತ್ರವಿದ್ದ ಪ್ರಶ್ನೆ ಬಂದಾಗ ಪರದೆ ಕಲ್ಲಾಗಿ ನಿಂತಿತು. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಲಾಗಿನ್ ಪುಟ ಬಂತು. ಬರೆದದ್ದು ಒಂದಕ್ಷರವೂ ಉಳಿದಿರಲಿಲ್ಲ.

ಹೆಗಡೆಯವರು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರಾಜೇಶನನ್ನು ನೋಡಿದರು, ರಂಜಿತಾಳನ್ನು ನೋಡಿದರು.

"ನಾ ಎಂತದೂ ಒತ್ತಲಿಲ್ಲ," ಎಂದರು.

 ರಂಜಿತಾ ಇನ್ನೊಂದು ಕುರ್ಚಿ ಎಳೆದು ಅವರ ಪಕ್ಕಕ್ಕಿಟ್ಟು, ಆಗಿನಿಂದ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಧನ್ಯಾಳನ್ನು ಒಳಗೆ ಕರೆದಳು.